ಹಲಸಿನ ಹಲಗೆಯ ಬೆಂಚು

ವಿಲ್ಲಿಂಗ್ಡನ್ ಐಲ್ಯಾಂಡ್, ಕೊಚ್ಚಿ
11 ಫೆಬ್ರವರಿ 1968

ಪ್ರೀತಿಯ ಚಿಕ್ಕಮ್ಮನಿಗೆ,

ನಮ್ಮ ತೋಟಕ್ಕೆ ಬೆಂಚು ಬಂತು ಚಿಕ್ಕಮ್ಮ, ಸಾಕ್ಷಾತ್ ಕೂರುವ ಬೆಂಚು, ನಿನ್ನೆ ಸಂಜೆ ನಾನೇ ಮೊದಲು ಕೂತೆ! ಇದನ್ನು ಹೇಳದೆ ಬೇರೇನೂ ಬರೆಯಲು ಕೈ ಬರಲಿಲ್ಲ. ಈಗ ಕ್ರಮವಾಗಿ ಬರುತ್ತೇನೆ. ನಿಮಗೂ ಅಪ್ಪನಿಗೂ ನಮಸ್ಕಾರ. ನಾವಿಬ್ಬರೂ ಕ್ಷೇಮ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ತಪ್ಪಾಯಿತು.

ಅಪ್ಪನಿಗೆ ಮೂರು ಕಾಗದ ಹಾಕಿದ್ದೇನೆ, ಮೂರರ ಕೊನೆಯಲ್ಲೂ ‘ಚಿಕ್ಕಮ್ಮನಿಗೆ ನಮಸ್ಕಾರ’ ಎಂದು ಸೇರಿಸಿದ್ದೇನೆ, ಅದನ್ನು ಕಾಗದ ಎನ್ನಲಾಗದು ಎಂದು ನನಗೂ ಗೊತ್ತು. ನೀವಾದರೂ ಏನು, ಅಪ್ಪನ ಕಾಗದದ ಅಡಿಯಲ್ಲಿ ಎರಡು ಸಾಲು: ಇಲ್ಲಿ ಎಲ್ಲ ಸೌಖ್ಯ, ತಲೆಗೆ ಎಣ್ಣೆ ಹಚ್ಚಿಕೋ. ಆದ್ದರಿಂದ ಈ ಸಲ ಲಕೋಟೆಯ ಮೇಲೆ ನಿಮ್ಮ ಹೆಸರನ್ನೇ ಬರೆದಿದ್ದೇನೆ. ಶ್ರೀಮತಿ ದಾಕ್ಷಾಯಣಿ ಪರಮೇಶ್ವರ, ಪಟ್ಟಂ, ತಿರುವನಂತಪುರ. ಪೋಸ್ಟ್‌ಮ್ಯಾನ್ ಒಂದು ಗಳಿಗೆ ನಿಂತು ಯೋಚಿಸಬಹುದು. ಒತ್ತಕ್ಷರ ತಪ್ಪಿದ್ದರೆ ನಗಬೇಡಿ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮಲಯಾಳ. ಕನ್ನಡ ಬರೆಯಲು ಕಲಿಸಿದ್ದು ನೀವೊಬ್ಬರೇ, ಅಡುಗೆಮನೆಯ ನೆಲದಲ್ಲಿ ಅಕ್ಕಿಹಿಟ್ಟು ಹರವಿ. ತಪ್ಪಿಗೆಲ್ಲ ಮೇಷ್ಟರೇ ಹೊಣೆ.

ತೋಟದ ಸುದ್ದಿ ಕೇಳಿ. ಈ ದ್ವೀಪ ದೇವರು ಮಾಡಿದ್ದಲ್ಲವಂತೆ. ದೊಡ್ಡ ಹಡಗುಗಳಿಗೆ ದಾರಿ ಮಾಡಲು ಹಿನ್ನೀರಿನ ತಳದ ಹೂಳು ತೋಡಿದರಂತೆ, ಆ ಹೂಳನ್ನೇ ರಾಶಿ ಹಾಕಿದಾಗ ಈ ನೆಲ ಆಯಿತಂತೆ. ಕ್ವಾರ್ಟರ್ಸಿನ ಹಿತ್ತಲಲ್ಲಿ ಒಂದು ಗೇಣು ಅಗೆದರೆ ಚಿಪ್ಪು, ಎರಡು ಗೇಣು ಅಗೆದರೆ ಉಪ್ಪುನೀರು. ನೀವು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಮಲ್ಲಿಗೆ ಹತ್ತೇ ದಿನದಲ್ಲಿ ಒಣಗಿತು. ನಾನು ಕೂತು ಅತ್ತುಬಿಟ್ಟೆ. ಆಗ ಇವರು ಹೇಳಿದರು, ನೆಲ ಕೊಡದಿದ್ದರೆ ನೆಲದ ಮೇಲೆ ಕಟ್ಟಿಕೊಳ್ಳೋಣ ಎಂದು.

ಇವರು ಎಂದರೆ ನಿಮ್ಮ ಅಳಿಯ ಕೃಷ್ಣಾನಂದ. ಹೆಸರು ಹಿಡಿದು ಕರೆ, ಕಾನ್ವೆಂಟಿನಲ್ಲಿ ಓದಿದವಳಲ್ಲವಾ ಎಂದು ಇವರೇ ಕೆಣಕುತ್ತಾರೆ. ಒಮ್ಮೆ ಪ್ರಯತ್ನಿಸಿದೆ. ‘ಕೃ’ ಎನ್ನುವಷ್ಟರಲ್ಲಿ ನಗು ಬಂದು ಕೆಮ್ಮು ಹತ್ತಿತು. ಈಗ ಹಿತ್ತಲಿನಿಂದ ಕರೆಯಬೇಕಾದರೆ ಕೆಮ್ಮುತ್ತೇನೆ, ಇವರು ಬರುತ್ತಾರೆ.

ಬಂದರಿನ ಕಚೇರಿಯಲ್ಲಿ ಕೆಲಸ ಮಾಡುವ ಗಂಡ ಇದ್ದರೆ ಏನೇನು ಸಿಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಡಗಿನ ಸರಕು ಅಲುಗದಂತೆ ನಡುವೆ ತುರುಕುವ ಮರದ ಪಟ್ಟಿಗಳಿರುತ್ತವೆ, ಸರಕು ಇಳಿದ ಮೇಲೆ ಅವು ಯಾರಿಗೂ ಬೇಡ. ನಮ್ಮ ಬಸಳೆ ಚಪ್ಪರ ಅದರದ್ದೇ. ಒಂದು ಪಟ್ಟಿಯ ಮೇಲೆ ಯಾವುದೋ ದೇಶದ ಅಕ್ಷರ ಇದೆ, ಬಸಳೆ ಅದನ್ನು ಓದುತ್ತಾ ಹತ್ತುತ್ತಿದೆ. ಹಡಗಿನ ಬಾಯ್ಲರಿನಿಂದ ಕಿತ್ತ ಹಳದಿ ಇಟ್ಟಿಗೆ ಜೋಡಿಸಿ ಮೂರು ಪಾತಿ ಕಟ್ಟಿದೆವು. ಎಣ್ಣೆಯ ಡ್ರಮ್ಮನ್ನು ಅಡ್ಡ ಸೀಳಿಸಿ ಅರ್ಧದಲ್ಲಿ ತಾವರೆ ಬಿಟ್ಟಿದ್ದೇನೆ, ಇನ್ನರ್ಧದಲ್ಲಿ ನೀವು ಹೇಳುವ ಹಾಗೆ ಗೊಬ್ಬರ ಕೊಳೆಯುತ್ತಿದೆ. ಎರ್ನಾಕುಲಂ ಕಡೆಯ ಪಾಲಾರಿವಟ್ಟಂನಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು, ಅಲ್ಲಿಂದ ಒಂದು ಲಾರಿ ಒಡಕು ಹಂಚು, ಮುರಕಲ್ಲು, ಮತ್ತು ಮನೆಯ ಅಡಿಯ ಕೆಂಪು ಮಣ್ಣು ಬಂತು. ಪಾತಿಗಳಿಗೆ ಆ ಮಣ್ಣು ತುಂಬಿದ್ದೇನೆ. ಹಂಚಿನ ಚೂರುಗಳನ್ನು ನೆಟ್ಟಗೆ ಹೂತು ಕಾಲುದಾರಿಗೆ ಅಂಚು ಕಟ್ಟಿದ್ದೇನೆ. ಉಗುರೆಲ್ಲ ಹೋಯಿತು.

ಎಲ್ಲಕ್ಕಿಂತ ಚಂದದ್ದು ಲೈಫ್‌ಬಾಯ್. ನೀರಿಗೆ ಬಿದ್ದವರಿಗೆ ಎಸೆಯುವ ದೊಡ್ಡ ಬಳೆ, ಒಂದು ಕಡೆ ಒಡೆದದ್ದು. ಅದನ್ನು ಗೇಟಿನ ಹೊರಗೆ ತರಲು ಇವರು ಮೂರು ಪ್ರತಿ ಅರ್ಜಿ ಬರೆದು ಸಹಿ ಮಾಡಿಸಿದರು. ‘ಯಾರನ್ನೂ ಉಳಿಸಲು ಯೋಗ್ಯವಲ್ಲದ ಜೀವರಕ್ಷಕ ಬಳೆ, ಒಂದು, ಗೃಹಿಣಿಯ ಉಪಯೋಗಕ್ಕೆ.’ ಗೇಟಿನ ಕಾವಲುಗಾರ ಅದನ್ನು ಓದಿ, ಸಾರ್, ಗೃಹಿಣಿಗೆ ಈಜು ಬರುವುದಿಲ್ಲವೇ ಎಂದನಂತೆ. ಈಗ ಅದರ ನಡುವೆ ಹಗ್ಗ ಹೆಣೆದು ಒಂದು ಕುಂಡ ತೂಗುಹಾಕಿದ್ದೇನೆ.

ಇನ್ನು ಬೆಂಚು. ಹಿತ್ತಲ ಶೆಡ್ಡಿನಲ್ಲಿ ಒಂದು ಹಲಸಿನ ಹಲಗೆ ಗೋಡೆಗೆ ಒರಗಿ ನಿಂತಿತ್ತು. ಐದಡಿ ಉದ್ದ, ಎರಡಡಿ ಅಗಲ, ನಾಲ್ಕು ಮೂಲೆಗೂ ಕಬ್ಬಿಣದ ಬಳೆ. ಹಿಂದೆ ಉಯ್ಯಾಲೆಯ ಹಲಗೆಯಾಗಿತ್ತಂತೆ. ಕುಂಬಳೆಯಲ್ಲಿ ಇವರ ಹಳೇ ಮನೆ ಪಾಲಾದಾಗ ಅತ್ತೆಯವರು ಇವರ ಸಾಮಾನಿನ ಜೊತೆ ಕಳಿಸಿದ್ದರಂತೆ. ಒಂದು ಅಂಚಿಗೆ ಗೆದ್ದಲು ಹತ್ತಿತ್ತು. ಈ ಕಾಂಕ್ರೀಟು ಸೂರಿಗೆ ಉಯ್ಯಾಲೆ ಎಲ್ಲಿ ಕಟ್ಟುವುದು? ನಾನು ಇವರನ್ನು ಕೇಳಿದೆ, ಇದರಲ್ಲಿ ಬೆಂಚು ಮಾಡಿಸಲಾ ಎಂದು. ಇವರು ಗಡ್ಡ ಹೆರೆಯುತ್ತಿದ್ದರು. ಯಾವ ಕಾಲದ್ದೋ, ಬೇಡದ ಹಲಗೆ, ಕೊಯ್ಸು ಎಂದರು. ಮಾರನೇ ದಿನ ಮತ್ತೆ ಕೇಳಿದೆ. ಹೇಳಿದೆನಲ್ಲ ಮಾರಾಯ್ತಿ ಎಂದರು.

ಬಡಗಿ ಕುಟ್ಟಪ್ಪನ್ ಬಂದರು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳಿದರು. ಒಳ್ಳೇ ಹಲಸು ಮಗಳೇ, ನಲವತ್ತು ವರ್ಷದ್ದಾದರೂ ಇರಬೇಕು, ಮನೆಯ ಹಿರಿಯರನ್ನು ಒಂದು ಮಾತು ಕೇಳಿದೆಯಾ ಎಂದರು. ಸಾರ್ ಹೇಳಿದ್ದಾರೆ ಎಂದೆ. ಗರಗಸ ಹಚ್ಚುವ ಮೊದಲು ಇನ್ನೊಮ್ಮೆ ನನ್ನ ಮುಖ ನೋಡಿದರು. ಉದ್ದಕ್ಕೆ ಸೀಳಿ, ಒಂದು ಭಾಗ ಕೂರಲು, ಇನ್ನೊಂದು ಒರಗಲು. ಕಾಲಿಗೆ ಪಾಲಾರಿವಟ್ಟಂನ ಮುರಕಲ್ಲು. ಸೀಳಿದಾಗ ಒಳಗಿನ ಮರ ಅರಸಿನದ ಹಾಗೆ ಹಳದಿ ಚಿಕ್ಕಮ್ಮ, ಹಿತ್ತಲೆಲ್ಲ ಹಣ್ಣಿನ ಪರಿಮಳ ಬಂದ ಹಾಗಾಯಿತು.

ಬರುವ ಆದಿತ್ಯವಾರ ಅತ್ತೆಯವರು ಬರುತ್ತಾರೆ. ನಮ್ಮ ಸಂಸಾರ ನೋಡಲು ಮೊದಲ ಸಲ. ಮದುವೆಯ ದಿನ ನನ್ನ ಅಂಗೈ ಹಿಡಿದು ನೋಡಿ, ‘ಇಂಗ್ಲಿಷ್ ಶಾಲೆಯ ಕೈ’ ಎಂದು ಬಿಟ್ಟುಬಿಟ್ಟಿದ್ದರಲ್ಲ, ನೆನಪುಂಟಾ? ಆ ಮಾತು ನಾನು ಇನ್ನೂ ಮರೆತಿಲ್ಲ. ಈ ತೋಟ ಪೂರ್ತಿ ಅವರಿಗೆ ಉತ್ತರ. ಅವರು ಈ ಬೆಂಚಿನಲ್ಲಿ ಕೂತು ಕಾಫಿ ಕುಡಿದು ‘ಅಡ್ಡಿಯಿಲ್ಲ’ ಎಂದುಬಿಟ್ಟರೆ ನನಗೆ ಮತ್ತೇನೂ ಬೇಡ.

ನೀವೂ ಒಮ್ಮೆ ಬನ್ನಿ ಚಿಕ್ಕಮ್ಮ. ಎರಡು ಸಾಲಿನಲ್ಲಿ ಉತ್ತರ ಬರೆದರೆ ಅಂಚೆಯಲ್ಲೇ ವಾಪಸ್ ಕಳಿಸುತ್ತೇನೆ.

ನಿಮ್ಮ
ರಾಜೀವಿ


ವಿಲ್ಲಿಂಗ್ಡನ್ ಐಲ್ಯಾಂಡ್
20 ಫೆಬ್ರವರಿ, ಮಂಗಳವಾರ

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಒಂದು ಪುಟ! ಇನ್‌ಲ್ಯಾಂಡಿನ ಬದಿಯ ಮಡಿಕೆಯಲ್ಲೂ ಬರೆದಿದ್ದೀರಿ. ಬಸಳೆಗೆ ಅಕ್ಕಿ ತೊಳೆದ ನೀರು ಹಾಕು ಎಂದದ್ದನ್ನು ಆ ದಿನವೇ ಮಾಡಿದೆ. ಆದರೆ ಇವತ್ತು ತೋಟದ ಸಂತೋಷ ಬರೆಯಲು ಆಗುತ್ತಿಲ್ಲ. ಇದನ್ನು ಅಪ್ಪನಿಗೆ ಓದಿ ಹೇಳಬೇಡಿ.

ಆದಿತ್ಯವಾರ ಅತ್ತೆಯವರು ಬಂದರು. ಷೊರನೂರಿನಲ್ಲಿ ಗಾಡಿ ಬದಲಿಸಿ, ಒಬ್ಬರೇ, ಒಂದು ಚೀಲ ಮಾವಿನಮಿಡಿ ಹೊತ್ತುಕೊಂಡು. ಇವರು ಸ್ಟೇಷನ್ನಿನಿಂದ ಕರೆತಂದರು. ನಾನು ಕಾಲು ತೊಳೆಯಲು ನೀರು ಕೊಟ್ಟು, ಕಾಫಿಗೂ ಕಾಯದೆ, ಅತ್ತೆ ಬನ್ನಿ, ತೋಟ ನೋಡಿ ಎಂದು ಹಿತ್ತಲಿಗೆ ಎಳೆದುಕೊಂಡು ಹೋದೆ. ಬಸಳೆ ನೋಡಿದರು. ತಾವರೆ ನೋಡಿ, ಡ್ರಮ್ಮಿನಲ್ಲಿ ತಾವರೆಯಾ ಎಂದು ಸ್ವಲ್ಪ ನಕ್ಕರು ಕೂಡ. ಆಮೇಲೆ ಬೆಂಚಿನ ಹತ್ತಿರ ಬಂದರು.

ಕೂರಲಿಲ್ಲ. ಬಗ್ಗಿ ಗರಗಸ ಹೋದ ಅಂಚಿನ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ನಡೆದರು. ಮೂಲೆಯ ಕಬ್ಬಿಣದ ಬಳೆ ಕಿತ್ತ ತೂತಿನಲ್ಲಿ ಬೆರಳು ಹಾಕಿದರು. ಆಮೇಲೆ ಕೇಳಿದರು:

“ಇದನ್ನು ಕೊಯ್ಯಲಿಕ್ಕೆ ಹೇಳಿದ್ದು ಯಾರು?”

ದನಿ ಏರಲಿಲ್ಲ ಚಿಕ್ಕಮ್ಮ. ಅಂಗಡಿಯಲ್ಲಿ ಅಕ್ಕಿ ಎಲ್ಲಿಯದು ಎಂದು ಕೇಳುವ ಹಾಗೆ ಕೇಳಿದರು. ಇವರು ಅಲ್ಲೇ ನಿಂತಿದ್ದರು, ಕೈಯಲ್ಲಿ ಇನ್ನೂ ಮಾವಿನಮಿಡಿಯ ಚೀಲ. ನಾನು ಇವರ ಮುಖ ನೋಡಿದೆ. ಇವರು ಕಾಲುವೆಯಲ್ಲಿ ಹೋಗುತ್ತಿದ್ದ ಹಡಗಿನ ಕಡೆ ನೋಡುತ್ತಿದ್ದರು. ಬಡಗಿಯನ್ನು ಕರೆಸಿದ್ದು ನಾನೇ ಅತ್ತೆ ಎಂದೆ. ಅದು ಸುಳ್ಳೂ ಅಲ್ಲ. ಅತ್ತೆಯವರು ಹೂಂ ಎಂದು ಒಳಗೆ ಹೋದರು.

ಅಂದಿನಿಂದ ಬೈಗುಳವಿಲ್ಲ, ಮುನಿಸಿಲ್ಲ. ನಾನು ಮಾಡಿದ್ದನ್ನು ಉಣ್ಣುತ್ತಾರೆ, ಸಾರಿಗೆ ಉಪ್ಪು ಸಾಕು ಎನ್ನುತ್ತಾರೆ. ಹಿತ್ತಲಿಗೆ ಮಾತ್ರ ಹೋಗುವುದಿಲ್ಲ. ಸಂಜೆ ಎದುರಿನ ವರಾಂಡದ ನೆಲದಲ್ಲಿ ಕಾಲು ಚಾಚಿ ಕೂರುತ್ತಾರೆ.

ನಿನ್ನೆ ಮಾವಿನಮಿಡಿ ತೊಟ್ಟು ಮುರಿಯುತ್ತಾ ಅವರೇ ಹೇಳಿದರು. ಅವರಿಗೆ ಹದಿನಾಲ್ಕಾಗಿದ್ದಾಗ ಮದುವೆ ನಿಶ್ಚಯವಾಯಿತಂತೆ. ಸೇರಬೇಕಾದ ಮನೆಯಲ್ಲಿ ಹದಿನೆಂಟು ಜನ. ಅಲ್ಲಿ ಸೊಸೆಯಂದಿರು ಚಾವಡಿಯಲ್ಲಿ ಕೂರುವ ಪದ್ಧತಿ ಇಲ್ಲ, ಕೂತರೂ ಯಾರಾದರೂ ಬಂದರೆ ಏಳಬೇಕು. ಇದು ಅವರ ತಂದೆಗೆ ಗೊತ್ತಿತ್ತು. ಹಿತ್ತಲಿನ ಹಲಸು ಕಡಿಸಿ ಹಲಗೆ ಮಾಡಿಸಿ, ಸರಪಳಿಯ ಸಮೇತ ಮಗಳ ಜೊತೆ ಕಳಿಸಿದರಂತೆ. ಬೀಗರ ಎದುರಿಗೇ ಹೇಳಿದರಂತೆ, ಇದು ನನ್ನ ಮಗಳ ಹೆಸರಿನ ಹಲಗೆ ಎಂದು. ಮಗಳು ತಂದ ಹಲಗೆಯಿಂದ ಮಗಳನ್ನು ಏಳು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ದಿನಕ್ಕೆ ಒಂದು ಗಳಿಗೆ, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ, ಅವರು ಅದರಲ್ಲಿ ಕೂರುತ್ತಿದ್ದರಂತೆ. ನಲವತ್ತನಾಲ್ಕು ವರ್ಷ. ಮಗನಿಗೆ ಸ್ವಂತ ಮನೆ ಆದಾಗ ಕಟ್ಟಲಿ ಎಂದು ಕಳಿಸಿದ್ದರು. ಇಷ್ಟು ಹೇಳಿ, ಮಿಡಿಯಲ್ಲಿ ಸೊನೆ ಉಂಟು, ಕೈಗೆ ಎಣ್ಣೆ ಹಚ್ಚಿಕೋ ಎಂದರು.

ನನಗೆ ನೆಲ ಬಿರಿಯಬಾರದಾ ಅನಿಸಿತು.

ಆದರೆ ಹಲಗೆ ಸೀಳಿದ್ದಕ್ಕಿಂತ ಹೆಚ್ಚು ನೋಯುವುದು ಬೇರೊಂದು. ಇವರು ಇನ್ನೂ ಬಾಯಿ ಬಿಟ್ಟಿಲ್ಲ. ನಾನು ಒಬ್ಬಳೇ ಇದ್ದಾಗ ಬಂದು, ಹೇಳುತ್ತೇನೆ, ಹೊತ್ತು ನೋಡಿ ಹೇಳುತ್ತೇನೆ ಎಂದು ಪಿಸುಗುಟ್ಟುತ್ತಾರೆ. ಆಮೇಲೆ ತಾಯಿಯ ಎದುರಿಗೆ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ನಾನೇ ಹೇಳಬಹುದು, ನಿಮ್ಮ ಮಗ ಎರಡು ಸಲ ಒಪ್ಪಿದರು ಎಂದು. ಹೇಳಿದರೆ ಮೂರು ತಿಂಗಳ ಸೊಸೆ ಗಂಡನ ಮೇಲೆ ಹಾಕಿದಳು ಎಂದಾಗುತ್ತದೆ. ಅದು ಇವರ ಬಾಯಿಂದಲೇ ಬರಬೇಕು. ಒಂದೇ ವಾಕ್ಯ ಚಿಕ್ಕಮ್ಮ. ಇವರು ಎದ್ದಾಗಲೆಲ್ಲ, ಗಂಟಲು ಸರಿಮಾಡಿಕೊಂಡಾಗಲೆಲ್ಲ, ಈಗ ಹೇಳುತ್ತಾರೆ ಎಂದು ಕೈಯ ಕೆಲಸ ನಿಲ್ಲಿಸಿ ಕಾಯುತ್ತೇನೆ. ಇವರು ಮಜ್ಜಿಗೆ ಕೇಳುತ್ತಾರೆ.

ಇವರು ಹೇಳದೇ ಹೋದರೆ ನಾನು ಇವರನ್ನು ಮೊದಲಿನ ಹಾಗೆ ನೋಡಬಲ್ಲೆನಾ? ಗೊತ್ತಿಲ್ಲ. ಯಾರನ್ನು ಕೇಳಲಿ? ನಿಮ್ಮನ್ನು ಕೇಳಬೇಕು ಎಂದು ಪೆನ್ನು ಹಿಡಿದೆ, ಆದರೆ ನಿಮ್ಮನ್ನು ಕೇಳಲು ನನಗೆ ಯಾವ ಮುಖವಿದೆ ಎಂದು ಈಗ ಅನಿಸುತ್ತಿದೆ. ಇರಲಿ. ಜಾಗ ಮುಗಿಯಿತು.

ರಾಜೀವಿ


ವಿಲ್ಲಿಂಗ್ಡನ್ ಐಲ್ಯಾಂಡ್
25 ಫೆಬ್ರವರಿ 1968

ಪ್ರೀತಿಯ ಚಿಕ್ಕಮ್ಮನಿಗೆ,

ಹೇಳಿದರು! ಬುಧವಾರ ಬೆಳಿಗ್ಗೆ, ದೋಸೆ ತಿನ್ನುವಾಗ. ಹಿಂದಿನ ಕಾಗದ ಓದಿ ನೀವು ಎಷ್ಟು ಚಿಂತೆ ಮಾಡಿದಿರೋ, ಅಂದೇ ಇನ್ನೊಂದು ಬರೆಯಬೇಕಿತ್ತು. ತಪ್ಪಾಯಿತು. ನಾಲ್ಕು ದಿನದಿಂದ ಈ ಮನೆಯಲ್ಲಿ ಉಸಿರಾಡುವಷ್ಟು ಪುರುಸೊತ್ತಿಲ್ಲ, ಯಾಕೆಂದು ಓದುತ್ತಾ ಗೊತ್ತಾಗುತ್ತದೆ.

ನಾನು ಕಾವಲಿಯ ಹತ್ತಿರ, ಅತ್ತೆಯವರು ಮಣೆಯ ಮೇಲೆ, ಇವರು ಎದುರಿಗೆ. ಇವರು ಗಂಟಲು ಸರಿಮಾಡಿಕೊಂಡರು. ನಾನು ಈ ಸಲ ತಿರುಗಿಯೂ ನೋಡಲಿಲ್ಲ, ಮಜ್ಜಿಗೆಯ ತಂಬಿಗೆಗೆ ಕೈ ಹಾಕಿದೆ.

“ಅಮ್ಮ, ಹಲಗೆ ಕೊಯ್ಸು ಅಂತ ಹೇಳಿದ್ದು ನಾನು. ರಾಜೀವಿ ಎರಡು ಸಲ ಕೇಳಿದ್ದಳು.”

ಕಾವಲಿಯ ಮೇಲೆ ದೋಸೆ ಕರಟಿತು. ಅತ್ತೆಯವರು ಬಾಯಲ್ಲಿದ್ದ ತುತ್ತು ಅಗಿದು ನುಂಗಿ, ಆಮೇಲೆ ತಲೆಯೆತ್ತಿದರು.

“ನಾನು ಆದಿತ್ಯವಾರ ಕೇಳಿದ್ದು,” ಎಂದರು. “ಇವತ್ತು ಬುಧವಾರ.”

ಇವರು ತಟ್ಟೆ ನೋಡಿದರು. ಮೂರು ದಿನ ಇವಳು ಬಡಿಸಿದ್ದನ್ನು ಉಂಡೆಯಲ್ಲ, ಗಂಟಲಲ್ಲಿ ಹೇಗೆ ಇಳಿಯಿತು ಮಾರಾಯ ಎಂದು ಕೇಳಿದರು ಅತ್ತೆ. ಇವರು ಸಣ್ಣ ದನಿಯಲ್ಲಿ ಹೆದರಿಕೆಯಾಯಿತು ಎಂದರು. ಹೆದರಲಿಕ್ಕೆ ನಾನೇನು ಹುಲಿಯಾ ಎಂದರು ಅವರು. ಇವರ ತಲೆ ಒಂದಿಷ್ಟು ಆಡಿತು, ಹೌದೋ ಅಲ್ಲವೋ ತಿಳಿಯದ ಹಾಗೆ. ನನಗೆ ಅಳುವಿನ ನಡುವೆ ನಗು ಬಂತು. ಕೆಮ್ಮಿದೆ. ಇವರು ಅಭ್ಯಾಸಬಲದಿಂದ ತಿರುಗಿ ಏನು ಎಂದರು. ಅತ್ತೆಯವರು ನಮ್ಮಿಬ್ಬರನ್ನೂ ನೋಡಿ, ಈ ಮನೆಯಲ್ಲಿ ಎಲ್ಲರಿಗೂ ಗಂಟಲು ನೋವು, ಕಷಾಯ ಮಾಡುತ್ತೇನೆ ಎಂದು ಎದ್ದರು.

ಹಲಗೆ ಹೋದದ್ದಕ್ಕೆ ಬೇಸರ ಇಲ್ಲ ಎಂದು ಅವರು ನಟಿಸಲಿಲ್ಲ. ಬೇಸರ ಉಂಟು, ನಾಳೆಯೂ ಇರುತ್ತದೆ ಎಂದು ನನ್ನ ಹತ್ತಿರ ಸೀದಾ ಹೇಳಿದರು. ಆದರೆ ಮರಕ್ಕಿಂತ ದೊಡ್ಡ ಬೇಸರ ಮಗ ಸುಮ್ಮನಿದ್ದದ್ದಕ್ಕಾಗಿತ್ತು, ಅದು ಇಳಿಯಿತು ಎಂದರು. ಮತ್ತೆ ಕೇಳಿದರು, ನೀನು ಯಾಕೆ ಹೇಳಲಿಲ್ಲ? ಅವರೇ ಹೇಳಲಿ ಎಂದು ಕಾದೆ ಅತ್ತೆ ಎಂದೆ. ಅವರು ನನ್ನ ಕೈ ತೆಗೆದುಕೊಂಡು ನೋಡಿದರು. ಸೊನೆ ತಾಗಿ ಎರಡು ಬೆರಳು ಸುಟ್ಟಿದ್ದವು, ಹಂಚು ಹೂತು ಉಗುರು ಒಡೆದಿತ್ತು. ಕೊಬ್ಬರಿಎಣ್ಣೆ ತಂದು ಹಚ್ಚಿದರು.

ಅಂದು ಮಧ್ಯಾಹ್ನ ಬಡಗಿಯನ್ನು ಕರೆಸು ಎಂದು ಅಪ್ಪಣೆಯಾಯಿತು. ಕುಟ್ಟಪ್ಪನ್ ಅಪರಾಧಿಯ ಹಾಗೆ ಬಂದು ನಿಂತರು. ಅತ್ತೆಯವರ ಕುಂಬಳೆಯ ಮಲಯಾಳ, ಅವರ ಕೊಚ್ಚಿಯ ಮಲಯಾಳ, ಮೊದಲು ಅರ್ಧ ಗಂಟೆ ಒಬ್ಬರಿಗೊಬ್ಬರು ಏನು ಎಂದೇ ಕೇಳುತ್ತಿದ್ದರು. ಕಾಲು ಮಡಚಿ ಕೂರಲಿಕ್ಕಾಗದ ಬೆಂಚು ಯಾರಿಗೆ ಬೇಕು, ಒರಗುವುದು ಕೆಲಸವಿಲ್ಲದವರಿಗೆ ಎಂದು ಅತ್ತೆ. ಒರಗುವ ಭಾಗ ಬಿಚ್ಚಿ ಕೂರುವ ಭಾಗದ ಪಕ್ಕಕ್ಕೆ ತಂದು, ಅಡಿಗೆ ಅಡ್ಡಪಟ್ಟಿ ಕೊಟ್ಟು ಬಿಗಿದರೆ ಹಳೇ ಅಗಲವೇ ಬರುತ್ತದೆ ಎಂದು ಕುಟ್ಟಪ್ಪನ್. ಗರಗಸ ತಿಂದದ್ದು ತಿಂದಿತು, ನಡುವೆ ಒಂದು ಗೀಟು ಉಳಿಯುತ್ತದೆ ಅಮ್ಮಾ, ಅದನ್ನು ಮುಚ್ಚಲು ನನಗೆ ಬರುವುದಿಲ್ಲ ಎಂದರು. ಮುಚ್ಚಬೇಡ, ಮಳೆನೀರು ಇಳಿಯಲಿಕ್ಕೆ ಅದೇ ದಾರಿ ಎಂದರು ಅತ್ತೆ.

ಅಡ್ಡಪಟ್ಟಿಗೆ ಹಡಗಿನ ಮರ. ಗೆದ್ದಲು ತಿಂದ ಅಂಚನ್ನು ಹೆರೆದು ಸೀರೆ ಸಿಕ್ಕದ ಹಾಗೆ ದುಂಡಗೆ ಮಾಡಿದರು. ಮುರಕಲ್ಲಿನ ಕಾಲನ್ನು ಒಂದು ವರಸೆ ಇಳಿಸಿದರು, ಅತ್ತೆಯವರ ಕಾಲು ನೆಲ ಮುಟ್ಟಬೇಕಲ್ಲ. ಅದಾದ ಮೇಲೆ ಅತ್ತೆಯವರಿಗೆ ತೋಟದ ಹುಚ್ಚು ಹಿಡಿಯಿತು. ಬಾಯ್ಲರ್ ಇಟ್ಟಿಗೆಯ ಪಾತಿ ಒಂದು ಸೊಟ್ಟಗಿದೆ ಎಂದು ಕೆಡವಿಸಿ ಮತ್ತೆ ಕಟ್ಟಿಸಿದರು. ಶೆಡ್ಡಿನಲ್ಲಿ ಇನ್ನೇನುಂಟು ಎಂದು ಅವರೇ ಹೋಗಿ ಹುಡುಕಿದರು. ಒಡೆದ ಡ್ರೈನೇಜು ಕೊಳವೆ ಎರಡು ಸಿಕ್ಕಿ, ಅದನ್ನು ನೆಟ್ಟಗೆ ನಿಲ್ಲಿಸಿ ಕೆಸು ಹಾಕಿದ್ದಾರೆ. ಇವರು ಕಚೇರಿಯಿಂದ ಬಂದವರೇ ಕೈಯಲ್ಲಿ ಗುದ್ದಲಿ, ಇನ್ನೊಂದು ಗೇಟ್‌ಪಾಸಿಗೆ ಅರ್ಜಿ.

ನಿನ್ನೆ ಸಂಜೆ ಅತ್ತೆಯವರು ಬೆಂಚಿನ ಮೇಲೆ ಕಾಲು ಮಡಚಿ ಕೂತರು. ನಾನು ಕಾಫಿ ಕೊಟ್ಟು ನಿಂತೆ. ಕೂರು ಎಂದರು. ಕೂತೆ. ಇವರೂ ಬಂದು ತುದಿಯಲ್ಲಿ ಜಾಗ ನೋಡಿದರು. “ನೀನು ನಿಲ್ಲು,” ಎಂದರು ಅತ್ತೆ, “ಮೂರು ದಿನ.” ಇವರು ನಿಂತೇ ಕಾಫಿ ಕುಡಿದರು. ಇವತ್ತೂ ನಿಂತಿದ್ದಾರೆ. ನಾಳೆ ಮುಗಿಯುತ್ತದೆ.

ಅತ್ತೆಯವರು ಇನ್ನೂ ಎರಡು ವಾರ ಇರುತ್ತಾರೆ. ನಿಮಗೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾರೆ, ಅಪ್ಪನಿಗೆ ನಮಸ್ಕಾರ, ನಿಮಗೆ ಆಶೀರ್ವಾದ ತಿಳಿಸು ಎಂದಿದ್ದಾರೆ. ಮಗಳನ್ನು ಚೆನ್ನಾಗಿ ಬೆಳೆಸಿದ್ದಾರೆ ಎಂದು ಬರೆ ಎಂದೂ ಹೇಳಿದರು. ಆ ಮಾತು ಬರೆಯುವಾಗ ನನ್ನ ಕೈ ನಿಂತಿತು. ಯಾಕೆಂದು ಕೆಳಗೆ ಬರೆಯುತ್ತೇನೆ.

ನಿಮ್ಮಿಬ್ಬರ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ
ರಾಜೀವಿ

ಮರೆತು ಸೇರಿಸುತ್ತಿರುವುದಲ್ಲ ಇದು ಚಿಕ್ಕಮ್ಮ. ಇಡೀ ಕಾಗದ ಬರೆದದ್ದೇ ಇದನ್ನು ಬರೆಯುವ ಧೈರ್ಯಕ್ಕಾಗಿ.

ಅಮ್ಮ ಹೋಗಿ ಎರಡು ವರ್ಷಕ್ಕೆ ನೀವು ಬಂದಿರಿ. ನನಗೆ ಎಂಟು. ಆ ರಜೆಯಲ್ಲಿ ನೀವು ಪಟ್ಟಂನ ಅಂಗಳದಲ್ಲಿ ಒಡಕು ಹಂಚು, ಬೀದಿಯ ಕಲ್ಲು ಆರಿಸಿ ತಂದು ಕರಿಬೇವಿನ ಗಿಡಕ್ಕೆ ಕಟ್ಟೆ ಕಟ್ಟಿದಿರಿ. ಸಿಮೆಂಟು ಹಸಿಯಾಗಿತ್ತು. ಮೇಲೆ ಒತ್ತಲು ಒಡೆದ ಪಿಂಗಾಣಿ ಚೂರು ಇದೆಯಾ ಮಗೂ ಎಂದು ಕೇಳಿದಿರಿ. ನಾನು ಒಳಗೆ ಹೋಗಿ ಅಮ್ಮನ ಪಿಂಗಾಣಿ ಕಪ್-ಸಾಸರು ತಂದೆ, ಎರಡು ಜೊತೆ, ಹಸಿರು ಅಂಚಿನವು. ಹಿಡಿ ಮುರಿದಿತ್ತು, ಅಷ್ಟೇ. ಅಪ್ಪ ಅವನ್ನು ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ನೀವು ತಿರುಗಿಸಿ ನೋಡಿ, ಇದು ಬೇಕಾದದ್ದಲ್ಲವಾ ಎಂದು ಕೇಳಿದಿರಿ. ಎರಡು ಸಲ ಕೇಳಿದಿರಿ. ಬೇಡದ್ದು, ಅಪ್ಪ ಬಿಸಾಡಲು ಹೇಳಿದ್ದಾರೆ ಎಂದೆ. ನೀವು ಅವನ್ನು ಒಡೆದು ಚೂರುಗಳನ್ನು ಹಸಿ ಸಿಮೆಂಟಿಗೆ ಒತ್ತಿದಿರಿ.

ನನಗೆ ಗೊತ್ತಿತ್ತು. ಎಂಟು ವರ್ಷದವಳಿಗೆ ಏನು ತಿಳಿಯುತ್ತದೆ ಎಂದು ಈಗ ನೀವು ಹೇಳಬೇಡಿ. ಅಪ್ಪನಿಗೆ ಸಿಟ್ಟು ಬರುತ್ತದೆ, ನಿಮ್ಮನ್ನು ಊರಿಗೆ ವಾಪಸು ಕಳಿಸುತ್ತಾರೆ ಎಂದೇ ಕೊಟ್ಟೆ.

ಅಪ್ಪ ಕಚೇರಿಯಿಂದ ಬಂದು ಅಂಗಳದಲ್ಲಿ ನಿಂತು ಕೇಳಿದರು, ಇದನ್ನು ತೆಗೆದದ್ದು ಯಾರು ಎಂದು. ನೀವು ನನ್ನ ಕಡೆ ನೋಡಲೂ ಇಲ್ಲ. ನಾನೇ, ಗೊತ್ತಾಗದೆ ತೆಗೆದೆ ಎಂದಿರಿ. ಮಾರನೇ ದಿನ ಅಪ್ಪ ಹಾರೆ ತಂದು ಕಟ್ಟೆ ಒಡೆದರು. ಅವತ್ತು ಸಂಜೆಯೂ ನೀವು ನನ್ನ ತಲೆ ಬಾಚಿದಿರಿ, ಸಿಕ್ಕು ಬಿಡಿಸುವಾಗ ಎಳೆಯಲಿಲ್ಲ. ಅಪ್ಪ ಇವತ್ತಿಗೂ ನೆಂಟರು ಬಂದರೆ, ನಮ್ಮ ಮನೆಯಲ್ಲಿ ಸ್ಟೀಲ್ ಲೋಟವೇ, ಪಿಂಗಾಣಿ ದಾಕ್ಷಾಯಣಿಯ ಕೈಗೆ ಕೊಡುವ ಹಾಗಿಲ್ಲ ಎಂದು ತಮಾಷೆ ಮಾಡುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ ಚಿಕ್ಕಮ್ಮ, ಅದೆಷ್ಟು ಸಲ ನಕ್ಕಿದ್ದೇನೆ.

ನಾನು ಒಂದು ವಾಕ್ಯಕ್ಕಾಗಿ ಮೂರು ದಿನ ಕಾದೆ, ಆ ಮೂರು ದಿನದಲ್ಲಿ ಗಂಡನ ಮೇಲಿನ ಪ್ರೀತಿಯನ್ನೇ ಅಳೆದುಬಿಟ್ಟೆ. ನೀವು ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದೀರಿ, ನನಗೆ ಅನ್ನ ಹಾಕುತ್ತಾ, ಅಕ್ಷರ ಕಲಿಸುತ್ತಾ, ಮಲ್ಲಿಗೆ ಗಿಡ ಕಟ್ಟಿಕೊಡುತ್ತಾ. ಅಥವಾ ಕಾಯುವುದನ್ನು ಯಾವಾಗಲೋ ಬಿಟ್ಟಿರಬಹುದು. ಅದನ್ನು ನೆನೆದರೆ ಇನ್ನೂ ಹೆದರಿಕೆ.

ಈ ಕಾಗದ ಅಪ್ಪನಿಗೆ ತೋರಿಸಬೇಡಿ. ಕಾಗದದಲ್ಲಿ ಹೇಳಿ ತಪ್ಪಿಸಿಕೊಳ್ಳಬಾರದು. ನೀವು ಎದುರಿಗೆ ಇರುವಾಗ ಅಪ್ಪನ ಮುಖ ನೋಡಿ ನನ್ನ ಬಾಯಿಂದಲೇ ಹೇಳುತ್ತೇನೆ. ಇವರು ಜೊತೆಗೆ ಬರುತ್ತೇನೆ ಎಂದರು, ಬೇಡ ಎಂದೆ. ಒಬ್ಬಳೇ ಬರುತ್ತೇನೆ, ಮಾರ್ಚ್ ಎರಡನೇ ತಾರೀಕು, ಶನಿವಾರ, ಎರ್ನಾಕುಲಂನಿಂದ ಕೋಟ್ಟಯಂ ದಾರಿಯಾಗಿ ಬರುವ ಬೆಳಗಿನ ಪ್ಯಾಸೆಂಜರಿನಲ್ಲಿ.